ಸಂಜೆಯ ಪೊಟ್ಟಣ

ಶಕುಂತಲಾಬಾಯಿ ಹುಮನಾಬಾದದಿಂದ ಕಲ್ಯಾಣಕ್ಕೆ ಸೊಸೆಯಾಗಿ ಬಂದದ್ದು ತೊಂಬತ್ತೊಂದರ ಬೇಸಿಗೆಯಲ್ಲಿ. ಬಸವಕಲ್ಯಾಣ ಎಂಬ ಪೂರ್ತಿ ಹೆಸರು ಇರುವುದು ಬಸ್ಸಿನ ಹಣೆಯ ಮೇಲೆ ಮಾತ್ರ. ಆ ಕಡೆಯವರ ಬಾಯಲ್ಲಿ ಅದು ಬರೀ ಕಲ್ಯಾಣ. ಗಂಡ ಓಂಪ್ರಕಾಶನದು ಪೇಟೆಯಲ್ಲಿ ಪಾತ್ರೆಪಗಡೆಯ ಭಾಂಡೆ ಅಂಗಡಿ. ಅಪ್ಪನ ಕಾಲದಿಂದ ನಡೆದುಬಂದದ್ದನ್ನು ಮೂವರು ಅಣ್ಣತಮ್ಮಂದಿರು ಕೂಡಿ ನೋಡಿಕೊಳ್ಳುತ್ತಿದ್ದರು. ಓಂಪ್ರಕಾಶ ಎಲ್ಲರಿಗಿಂತ ಕಿರಿಯವ, ಮಾತು ಬಲು ಕಡಿಮೆ. ಗಿರಾಕಿ ಬಂದರೂ ತಂಬಿಗೆಯನ್ನು ಬೆರಳಿನಿಂದ ಒಮ್ಮೆ ಬಾರಿಸಿ, ಉಳಿದದ್ದನ್ನು ಅದೇ ಹೇಳಲಿ ಎಂಬಂತೆ ಸುಮ್ಮನಾಗಿಬಿಡುವವ.

ಆಗ ಶಕುಂತಲಾ ಬಡಕಲು ಹುಡುಗಿ. ಹುಮನಾಬಾದದ ಶಾಲೆಯಲ್ಲಿ ಖೋ ಖೋ ಆಡಿದ ಕಾಲುಗಳು ಅವು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಮನೆ ತುಂಬ ಜನ. ಬೆಳಗಾದರೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದರೆ ಬುಟ್ಟಿ ತುಂಬುವ ತನಕ ಏಳುವ ಹಾಗಿಲ್ಲ. ಉಣ್ಣುವುದಕ್ಕೆ ಒಂದು ಸಾಲು ಇತ್ತು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಆಮೇಲೆ ಇಬ್ಬರು ನೆಗೆಣ್ಣಿಯರು, ಕೊನೆಗೆ ಅವಳು. ಅವಳ ಪಾಳಿ ಬರುವ ಹೊತ್ತಿಗೆ ಬುಟ್ಟಿಯಲ್ಲಿ ಸೀದ ರೊಟ್ಟಿಯೊಂದು, ಗಡಿಗೆಯ ತಳದಲ್ಲಿ ನೀರಿನಂಥ ಸಾರು. ಅತ್ತೆ ಕೆಟ್ಟವರೇನಲ್ಲ. ತಾವೂ ಸೊಸೆಯಾಗಿದ್ದಾಗ ಹಾಗೆಯೇ ಉಂಡು ಬಂದವರು. ಸೊಸೆಯ ಹೊಟ್ಟೆ ತುಂಬಿತೋ ಇಲ್ಲವೋ ಎಂದು ಕೇಳಬೇಕು ಎನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ದಿನಾ ಸಂಜೆ ಅತ್ತೆ ನೆಗೆಣ್ಣಿಯರನ್ನು ಕರೆದುಕೊಂಡು ಮಠಕ್ಕೆ ಪುರಾಣ ಕೇಳಲು ಹೋಗುತ್ತಿದ್ದರು. ಮನೆ ಕಾಯಲು ಶಕುಂತಲಾ. ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಸ್ಕೂಟರಿನ ಸದ್ದು. ಮನೆಯಲ್ಲಿ ಏನೋ ಮರೆತು ಹೋದವನಂತೆ ಓಂಪ್ರಕಾಶ ಅಂಗಡಿಯಿಂದ ಬರುತ್ತಿದ್ದ. ಅವಳನ್ನು ಜೋಳದ ಚೀಲಗಳ ಕೋಣೆಗೆ ಕರೆದು, ಅಂಗಿಯೊಳಗಿಂದ ಒಂದು ಪೊಟ್ಟಣ ತೆಗೆಯುತ್ತಿದ್ದ. ಪೇಟೆಯ ತುಳಜಾರಾಮನ ಮಿಠಾಯಿ ಅಂಗಡಿಯದು. ಹಳೆಯ ಪೇಪರಿನ ಮೇಲೆ ಪಾಕ ಒಸರಿ ಅಕ್ಷರಗಳು ಕರಗಿರುತ್ತಿದ್ದವು. ಒಂದು ದಿನ ಜಿಲೇಬಿ, ಒಂದು ದಿನ ಪೇಡೆ, ಮಳೆ ಬಂದರೆ ಬಿಸಿ ಮಿರ್ಚಿ ಭಜಿ.

"ತಿನ್ನು" ಎನ್ನುವನು. ಅಷ್ಟೇ ಮಾತು. ಆಮೇಲೆ ಬಾಗಿಲಿಗೆ ಹೋಗಿ ಓಣಿ ನೋಡುತ್ತ ನಿಲ್ಲುವನು.

ಚೀಲಗಳ ಹಿಂದೆ ನಿಂತುಕೊಂಡೇ ಅವಳು ಗಬಗಬ ತಿನ್ನುತ್ತಿದ್ದಳು. ಬಾಯಿ ಸುಟ್ಟರೂ ಬಿಡುತ್ತಿರಲಿಲ್ಲ. ತಿಂದಾದ ಮೇಲೆ ಅವನು ಆ ಪೇಪರನ್ನು ಮಡಚಿ ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತುವನು. ಮದುವೆಯಾಗಿ ವರ್ಷವಾದರೂ ಗಂಡಹೆಂಡತಿ ಕೂತು ನಾಲ್ಕು ಮಾತಾಡಿದ್ದಿಲ್ಲ. ಆದರೆ ಜೋಳದ ವಾಸನೆಯ ಆ ಕತ್ತಲೆಯ ಕೋಣೆಯಲ್ಲಿ ತಾನು ಯಾರಿಗೋ ಬೇಕಾದವಳು ಎಂದು ಅವಳಿಗೆ ದಿನಾ ಗೊತ್ತಾಗುತ್ತಿತ್ತು.

ಕಾಲ ಸರಿಯಿತು. ಸ್ನೇಹಲ್ ಹುಟ್ಟಿದಳು. ಅತ್ತೆ ತೀರಿಕೊಂಡರು. ಭಾವಂದಿರು ಬೇರೆಯಾಗಿ, ಒಬ್ಬರು ಮುಡಬಿ ಹಳ್ಳಿಯಲ್ಲಿದ್ದ ಮನೆತನದ ಹೊಲ ನೋಡಿಕೊಳ್ಳಲು ಹೋದರು, ಇನ್ನೊಬ್ಬರು ಹೈವೇ ಕಡೆ ಹೊಸ ಮನೆ ಕಟ್ಟಿಸಿದರು. ಹಳೆಯ ಮನೆಯ ಅಡುಗೆಮನೆ ಈಗ ಶಕುಂತಲಾಳದೇ. ರೊಟ್ಟಿ ಬುಟ್ಟಿಗೆ ಕೈ ಹಾಕಿದರೆ ತಡೆಯುವವರಿಲ್ಲ. ಆದರೂ ಸಂಜೆಯಾದರೆ ಸ್ಕೂಟರ್ ಬರುತ್ತಿತ್ತು, ಪೊಟ್ಟಣ ಬರುತ್ತಿತ್ತು. ಪೇಪರಿನ ಬದಲು ಪ್ಲಾಸ್ಟಿಕ್ ಚೀಲ, ಚೀಲ ಹೋಗಿ ರಟ್ಟಿನ ಡಬ್ಬಿ. ಅವಳು ತಿನ್ನುತ್ತಿದ್ದಳು. ಹಸಿವಿಲ್ಲದಿದ್ದರೂ ತಿನ್ನುತ್ತಿದ್ದಳು. ಅವನು ಈಗ ಬಾಗಿಲು ಕಾಯುವುದು ಬಿಟ್ಟು ಎದುರಿಗೇ ಕೂತು ನೋಡುತ್ತಿದ್ದ.

ಮೈ ಬಂತು. ಮೊದಮೊದಲು ಬಂಧುಗಳು "ಮಾರಿ ಮ್ಯಾಲ ಕಳಿ ಬಂತು" ಎಂದು ಮೆಚ್ಚಿದರು. ಆಮೇಲೆ ಬಳೆ ಏರದಾದವು. ಆಮೇಲೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಹುಮನಾಬಾದದ ತವರಿಗೆ ಹೋದಾಗಲೆಲ್ಲ ಅಲ್ಲಿಯ ಡಾಕ್ಟರು ವೈಜನಾಥರಿಗೆ ತೋರಿಸುತ್ತಿದ್ದಳು. ಅವರು ಕಡಿಮೆ ಉಣ್ಣಿ ಎನ್ನುತ್ತಿದ್ದರು. ನಾಲ್ಕು ದಿನ ಬಿಟ್ಟರೆ ಐದನೆಯ ದಿನ ಎರಡು ಪಟ್ಟು ತಿಂದಿರುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಅಣ್ಣನ ಮಗಳು ರೂಪಾಲಿಯ ಮದುವೆ ಹುಮನಾಬಾದದಲ್ಲಿ. ಊಟಕ್ಕೆ ನೆಲದ ಮೇಲೆ ಪಂಕ್ತಿ ಹಾಕಿದ್ದರು. ಶಕುಂತಲಾ ಹ್ಯಾಗೋ ಕೂತಳು, ಉಂಡಳು. ಏಳಲು ಮಾತ್ರ ಆಗಲಿಲ್ಲ. ಕೈ ಊರಿದಳು, ಪಕ್ಕದವರ ಭುಜ ಹಿಡಿದಳು, ಮೊಣಕಾಲು ಒಪ್ಪಲಿಲ್ಲ. ಮುಂದಿನ ಪಂಕ್ತಿಯವರು ಬಂದು ನಿಂತಿದ್ದರು. ಅಣ್ಣ ಮತ್ತು ಬೀಗರ ಕಡೆಯ ಇಬ್ಬರು ಗಂಡಸರು ಬಗಲಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. ಯಾರೂ ನಗಲಿಲ್ಲ. ಎಲ್ಲರೂ ಬೇರೆ ಕಡೆ ಮುಖ ತಿರುಗಿಸಿಕೊಂಡರು. ನಕ್ಕಿದ್ದರೆ ತಾನೂ ಜೊತೆಗೆ ನಕ್ಕು ಮರೆಯಬಹುದಿತ್ತು ಎಂದು ಆಮೇಲೆ ಎಷ್ಟೋ ದಿನ ಅನ್ನಿಸುತ್ತಿತ್ತು.

ಮರುದಿನವೇ ಗಂಡನನ್ನು ಕರೆದುಕೊಂಡು ವೈಜನಾಥರ ದವಾಖಾನೆಗೆ ಹೋದಳು.

"ಶಕುಂತಲಾಬಾಯಿ, ಕಡಿಮಿ ಉಣ್ರಿ ಅಂತ ನಾ ಇನ್ನ ಹೇಳೂದಿಲ್ಲ" ಎಂದರು ಡಾಕ್ಟರು. "ಹೈದ್ರಾಬಾದನ್ಯಾಗ ನನ್ನ ಗೆಳೆಯ ಇದಾನ. ಹೊಟ್ಟಿ ಸಣ್ಣ ಮಾಡೂ ಆಪರೇಶನ್ ಮಾಡ್ತಾನ. ದುರ್ಬೀನ ಹಾಕಿ ಮಾಡೂದು, ದೊಡ್ಡ ಗಾಯ ಆಗೂದಿಲ್ಲ. ಆದ್ರ ಹೋದ ದಿನಾನೇ ಮಾಡೂದಿಲ್ಲ. ಮೊದಲ ನಿಮ್ಮನ್ನ ತಯಾರ ಮಾಡ್ತಾರ."

"ತಯಾರ ಅಂದ್ರ ಏನ್ರಿ?" ಎಂದು ಕೇಳಿದ ಓಂಪ್ರಕಾಶ.

"ಅದನ್ನ ಅವ್ರೇ ಹೇಳ್ತಾರ. ಹೋಗಿ ಬರ್ರಿ."

ಹೈದರಾಬಾದಿನ ಡಾಕ್ಟರು ರಕ್ತ, ಎದೆ, ಉಸಿರು ಎಲ್ಲ ಪರೀಕ್ಷೆ ಮಾಡಿಸಿ, ಆಪರೇಶನ್ ಮಾಡಬಹುದು ಎಂದು ಹೇಳಿ, ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ರೋಗಿಗಳ ಜೊತೆ ಮಾತಾಡುವುದಕ್ಕೆಂದೇ ಒಬ್ಬ ಹೆಂಗಸು ಕೂತಿದ್ದಳು. ನೂಲಿನ ಸೀರೆ, ಬೆಳ್ಳಗಾದ ಕೂದಲು. ಹೈದರಾಬಾದಿನ ಹಿಂದಿಯಲ್ಲಿ ನಿಧಾನ ಮಾತಾಡಿದಳು. ಕಲ್ಯಾಣದವರಿಗೆ ಅದು ಮನೆಯ ಭಾಷೆಯಷ್ಟೇ ಸಲೀಸು.

ಆಪರೇಶನ್ ಹೊಟ್ಟೆಗೆ ಮಾತ್ರ ಆಗುವುದು ಅಕ್ಕಾ, ಎಂದಳು ಆಕೆ. ಆಮೇಲೆ ಬಾಳುವವರು ನೀವು. ಆ ಬಾಳು ನಿಮಗೆ ಒಗ್ಗುತ್ತದೋ ಇಲ್ಲವೋ, ಈಗಿನಿಂದಲೇ ಬಾಳಿ ನೋಡಿ. ತುತ್ತು ಬಾಯಲ್ಲೇ ಅಂಬಲಿಯಾಗುವ ತನಕ ಅಗಿಯಬೇಕು. ಊಟದ ನಡುವೆ ನೀರು ಬೇಡ. ನೀರು ಬೇರೆ ಹೊತ್ತಿನಲ್ಲಿ ಗುಟುಕು ಗುಟುಕಾಗಿ. ಸಾಕು ಎನ್ನಿಸಿದ ತಕ್ಷಣ ಕೈ ತೊಳೆಯಬೇಕು. ದಿನಾ ನಡೆಯಬೇಕು. ಚಹಾಕ್ಕೆ ಸಕ್ಕರೆ ಇಲ್ಲ. ಮತ್ತೆ, ಹಸಿವಿಲ್ಲದೆ ಯಾವಾಗ ತಿನ್ನುತ್ತೀರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು.

ಹೊರಗೆ ಬಂದಾಗ ಶಕುಂತಲಾಗೆ ನಗು ಬಂತು. ಊರಿಗೆಲ್ಲ ಉಣ್ಣಿಸಿದ ಹೆಂಗಸಿಗೆ ಉಣ್ಣುವುದನ್ನು ಕಲಿಸುತ್ತಾರಂತೆ.

ಆದರೆ ಕಲಿಯಲು ಕೂತಾಗ ನಗು ನಿಂತಿತು. ಮೊದಲನೆಯ ಕಷ್ಟ ತಾಟಿನದು. ಅವರ ಮನೆಯಲ್ಲಿ ಅನ್ನವೆಂದರೆ ಪ್ರಸಾದ. ತಾಟಿನಲ್ಲಿ ಅಗುಳು ಬಿಡುವುದಿಲ್ಲ, ಉಂಡಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿ. ಸಾಕು ಎನ್ನಿಸಿದಾಗ ಕೈ ತೊಳೆದರೆ ಉಳಿದ ಪ್ರಸಾದವನ್ನು ಏನು ಮಾಡುವುದು? ಎರಡು ದಿನ ಅದೇ ಯೋಚನೆ. ಕೊನೆಗೆ ಗಂಡನಿಗೆ ಹೇಳಿದಳು. ಅವನು ಅಂಗಡಿಯಿಂದ ಒಂದು ಸಣ್ಣ ತಾಟು ತಂದ, ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಉಡುಗೊರೆ ಕೊಡುವಂಥದು. ಅದರಲ್ಲಿ ಅರ್ಧ ರೊಟ್ಟಿ, ಎರಡು ಚಮಚ ಬೇಳೆ, ಒಂದಿಷ್ಟು ಪುಂಡಿ ಪಲ್ಯ ಹಿಡಿದರೆ ತಾಟು ತುಂಬಿತು. ಬಿಡುವ ಪ್ರಶ್ನೆಯೇ ಬರಲಿಲ್ಲ. ತೊಳೆದ ನೀರು ಒಂದು ಗುಟುಕಾಗುತ್ತಿತ್ತು. ಅಷ್ಟನ್ನು ಕುಡಿದಳು, ಹೈದರಾಬಾದಿನವರಿಗೆ ಹೇಳಲಿಲ್ಲ.

ಅಗಿಯುವುದು ಇನ್ನೂ ಕಷ್ಟ. ಬದುಕಿಡೀ ಚೀಲದ ಹಿಂದೆ ನಿಂತವಳ ಅವಸರದಲ್ಲೇ ಉಂಡಿದ್ದಳು. ತುತ್ತು ಅಗಿಯುತ್ತ ಕೂತರೆ, ಯಾರೋ ಬಂದುಬಿಡುತ್ತಾರೆ ಎಂಬ ದಿಗಿಲು ಇನ್ನೂ ಎದೆಯಲ್ಲಿ ಎಲ್ಲೋ ಇತ್ತು. ಮನೆಯಲ್ಲಿ ಬರುವವರು ಯಾರೂ ಇರಲಿಲ್ಲ. ಸ್ನೇಹಲ್ ಎದುರಿಗೆ ಕೂತು ಪಾಠ ಓದುತ್ತಿರುತ್ತಿದ್ದಳು, ಅಷ್ಟೇ.

ಇಷ್ಟೆಲ್ಲ ಮಾಡಿ, ಶ್ರಾವಣ ಮುಗಿದ ಮೇಲೆ ಹೈದರಾಬಾದಿಗೆ ಹೋದರೆ ತೂಕ ಇದ್ದಲ್ಲೇ ಇತ್ತು. ಆ ಹೆಂಗಸು ತೂಕದ ಚೀಟಿ ನೋಡಿ, ಶಕುಂತಲಾಳ ಮುಖ ನೋಡಿದಳು. ಸಂಜೆ ಏನು ತಿನ್ನುತ್ತೀರಿ ಎಂದು ಮೆಲ್ಲಗೆ ಕೇಳಿದಳು.

ಓಂಪ್ರಕಾಶ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಇಷ್ಟು ದಿನ ಸಂಜೆಯ ಡಬ್ಬಿ ನಿಂತಿರಲಿಲ್ಲ. ಅವನು ತರುತ್ತಿದ್ದ, ಇವಳು ತಿನ್ನುತ್ತಿದ್ದಳು, ಅದು ಊಟದ ಲೆಕ್ಕಕ್ಕೇ ಬರದ ಸಂಗತಿ ಎಂಬಂತೆ ಇಬ್ಬರೂ ಸುಮ್ಮನಿದ್ದರು.

"ನಾನೇ ತರಿಸ್ಕೊಂಡು ಮಿಠಾಯಿ ತಿಂತೀನ್ರಿ" ಎಂದಳು ಶಕುಂತಲಾ. "ನನಗ ಬಾಯಿ ತಡಿಯೂದಿಲ್ಲ. ಇವರದೇನೂ ಇಲ್ಲ."

ಆ ಹೆಂಗಸು ಬೈಯಲಿಲ್ಲ. ಆಪರೇಶನ್ನಿನ ದಿನವನ್ನು ಗೊತ್ತು ಮಾಡುವುದಕ್ಕೆ ಇನ್ನೂ ಹೊತ್ತಿದೆ, ನೀವು ತಯಾರಾದಾಗ ಬನ್ನಿ ಎಂದಳು.

ಹೈದರಾಬಾದಿನಿಂದ ಹೊರಟ ಬಸ್ಸು ಜಹೀರಾಬಾದ ದಾಟುವ ತನಕ ಓಂಪ್ರಕಾಶ ಕಿಟಕಿಯ ಕಡೆಗೇ ಮುಖ ಮಾಡಿದ್ದ. ಆಮೇಲೆ ಒಮ್ಮೆಲೇ ಕೇಳಿದ.

"ನೀ ಯಾಕ ಸುಳ್ಳ ಹೇಳಿದಿ?"

"ಮಂದಿ ಮುಂದ ನಿಮ್ಮ ಹೆಸರ ಹ್ಯಾಂಗ ಹೇಳ್ಲಿ?"

"ಬ್ಯಾಡ ಅಂತ ನನಗಾದ್ರೂ ಹೇಳಬೇಕಿತ್ತಲ್ಲ."

ಅವಳು ಮುಂದಿನ ಸೀಟಿನ ಸರಳು ಹಿಡಿದು ಕೂತಳು. ಹೇಳಬೇಕೋ ಬೇಡವೋ ಎಂದು ತೂಗಿ ನೋಡಿದಳು.

"ಬ್ಯಾಡ ಅಂದ್ರ ನೀವು ಸಂಜಿಗೆ ಮನಿಗಿ ಯಾಕ ಬರ್ತೀರಿ ಅನ್ನಸ್ತಿತ್ರಿ. ಅತ್ತಿಯವರ ಕಾಲದಾಗ ನಾ ದಿನಪೂರ್ತಿ ನಿಮ್ಮ ಸ್ಕೂಟರಿನ ದಾರಿ ನೋಡ್ತಿದ್ದೆ. ಜಿಲೇಬಿ ಸಲುವಾಗಿ ಅಲ್ಲ. ಜಿಲೇಬಿ ಇಲ್ಲಾಂದ್ರ ನೀವು ಬರ್ತಿರಲಿಲ್ಲ, ಅದಕ್ಕ."

ಹೊರಗೆ ಲಾರಿಯೊಂದು ಹಿಂದೆ ಉಳಿಯಿತು.

"ನೀ ಬಂದ ವರ್ಷ ಎಳ್ಳಮಾಸಿ ದಿನ," ಎಂದ ಓಂಪ್ರಕಾಶ, "ಮಂದಿಯೆಲ್ಲ ಉಂಡು ಹೊಲದಿಂದ ತಿರುಗಿ ಬಂದಿದ್ರು. ನಾ ನೀರ ಕುಡಿಯಾಕ ಒಳಗ ಬಂದೆ. ನೀ ಕಾಳು ಸೊಪ್ಪಿನ ಭಜ್ಜಿ ಗಡಿಗಿ ಒಳಗ ಕೈ ಹಾಕಿ ತಳಾ ಬಳಕೊಂಡು ತಿನ್ನಾಕತ್ತಿದ್ದಿ. ನನ್ನ ನೋಡಲಿಲ್ಲ. ನಾ ಹಂಗೇ ಹೊರಗ ಹೋದೆ. ಅವತ್ತ ನನಗ ಊಟ ಹೋಗಲಿಲ್ಲ. ಅವ್ವಗ ಹೇಳೂ ಧೈರ್ಯ ನನಗ ಇರಲಿಲ್ಲ. ಪ್ಯಾಟಿಗಿ ಹೋಗಿ ಪೇಡೆ ತಂದೆ."

ಅವಳಿಗೆ ಆ ದಿನ ನೆನಪಿತ್ತು. ಯಾರೂ ನೋಡಿಲ್ಲ ಎಂದು ಇಷ್ಟು ವರ್ಷ ನಂಬಿದ್ದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮದುವೆಯ ಹೊಸದರ ಆ ಬಡಕಲು ಹುಡುಗಿಯ ಮೇಲೆ, ಅವಳನ್ನು ನೋಡಿ ಬಾಗಿಲಲ್ಲಿ ನಿಂತ ಎಳೆಮೀಸೆಯ ಹುಡುಗನ ಮೇಲೆ ಒಂದೇ ಸಲಕ್ಕೆ ಮರುಕ ಬಂತು.

"ಅವತ್ತಿಂದ ನಿಮಗ ನಾ ಹಸದೇ ಇದೀನಿ ಅಂತ ಅನ್ನಸಾಕತ್ತದ ಏನ್ರಿ?"

ಅವನು ತಲೆಯಾಡಿಸಿದ.

"ನನ್ನ ಹೊಟ್ಟಿ ತುಂಬೇದರಿ" ಎಂದಳು ಶಕುಂತಲಾ. "ತುಂಬಿ ಭಾಳ ವರ್ಷ ಆತು."

ಮರುದಿನ ಸಂಜೆ ಸ್ಕೂಟರ್ ಎಂದಿನ ಹೊತ್ತಿಗೇ ಬಂತು. ಓಂಪ್ರಕಾಶ ಒಳಗೆ ಬಂದು ನಡುಮನೆಯಲ್ಲಿ ನಿಂತ. ಖಾಲಿ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಜೇಬಿನಲ್ಲಿಟ್ಟ, ಒಮ್ಮೆ ಗೋಡೆಗೆ ಒರಗಿಸಿದ. ಶಕುಂತಲಾಗೂ ಅಷ್ಟೇ. ಆ ಹೊತ್ತಿಗೆ ಬಾಯಲ್ಲಿ ನೀರೂರುವುದು ಮೈಗೆ ಹತ್ತಿದ ರೂಢಿ, ಅದಕ್ಕೆ ಬುದ್ಧಿ ಹೇಳಿದರೆ ತಿಳಿಯುವುದಿಲ್ಲ. ತಲೆ ಭಾರವಾಯಿತು, ವಿನಾಕಾರಣ ಸ್ನೇಹಲ್ ಮೇಲೆ ಸಿಟ್ಟು ಮಾಡಿದಳು.

"ನಡಿ, ತ್ರಿಪುರಾಂತ ಕೆರೀಗಿ ಹೋಗಿ ಬರೂಣು" ಎಂದ ಅವನು.

ಮೊದಲ ದಿನ ಕೆರೆಯವರೆಗೆ ಹೋಗಲಿಲ್ಲ. ಓಣಿಯ ಆಚೆಯ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟು ತಿರುಗಿ ಬಂದರು. ಓಣಿಯ ಹೆಂಗಸರು ಗಂಡಹೆಂಡತಿ ಜೋಡಿಯಾಗಿ ಹೊರಟದ್ದನ್ನು ನೋಡಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ದಿನ ಕಳೆದಂತೆ ಕಟ್ಟೆ ದಾಟಿತು, ಮುಂದಿನ ತಿರುವು ದಾಟಿತು. ಒಂದು ಸಂಜೆ ನೀರು ಕಂಡಿತು. ನಡೆಯುವಾಗ ಕೈಗೆ ಕೆಲಸವಿರಲಿಲ್ಲ, ಬಾಯಿಗೂ ಇರಲಿಲ್ಲ. ಹಾಗಾಗಿ ಓಂಪ್ರಕಾಶ ಮಾತು ಕಲಿತ. ಹಿತ್ತಾಳೆ ಹೋಗಿ ಸ್ಟೀಲು ಬಂದ ಕಾಲದ್ದು, ಅಪ್ಪನ ಜೊತೆ ಪುಣೆಗೆ ಮಾಲು ತರಲು ಹೋಗಿ ದಾರಿ ತಪ್ಪಿದ್ದು. ಅವಳು ಖೋ ಖೋದಲ್ಲಿ ಬಿದ್ದು ಮುಂಗೈ ಮುರಿದದ್ದು ಹೇಳಿದಳು. ಹದಿನಾರು ವರ್ಷದ ಹಿಂದಿನ ಹೊಸ ಮದುಮಕ್ಕಳು ಆಡಬೇಕಾಗಿದ್ದ ಮಾತುಗಳನ್ನು ಅವರು ಆ ಮಳೆಗಾಲದ ಕೊನೆಯಲ್ಲಿ, ಚಳಿಗಾಲದ ಮೊದಲಲ್ಲಿ ಆಡಿ ಮುಗಿಸಿದರು. ಮುಗಿದವೋ ಇಲ್ಲವೋ, ಶುರುವಂತೂ ಆದವು.

ಎಡವಲಿಲ್ಲ ಎಂದಲ್ಲ. ದೀಪಾವಳಿಗೆ ನೆಗೆಣ್ಣಿ ಕಳಿಸಿದ ಕರ್ಚಿಕಾಯಿಯ ಡಬ್ಬಿಯನ್ನು ಒಂದೇ ಮಧ್ಯಾಹ್ನ ಅರ್ಧ ಖಾಲಿ ಮಾಡಿದಳು. ಹೈದರಾಬಾದಿಗೆ ಹೋದಾಗ ತಾನಾಗಿಯೇ ಹೇಳಿ ಅತ್ತಳು. ಆ ಹೆಂಗಸು ನೀರು ಕೊಟ್ಟು, ಅವತ್ತು ಏನಾಗಿತ್ತು ಎಂದು ಮಾತ್ರ ಕೇಳಿದಳು. ಏನಾಗಿತ್ತು? ಓಂಪ್ರಕಾಶ ಮಾಲು ತರಲು ಬೇರೆ ಊರಿಗೆ ಹೋಗಿದ್ದ, ಸ್ನೇಹಲ್ ಹೊರಗೆ ಆಡಲು ಹೋಗಿದ್ದಳು, ಮನೆಯಲ್ಲಿ ಒಬ್ಬಳೇ ಇದ್ದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ತಿಳಿಯಿತು. ಇನ್ನು ಮುಂದೆ ಒಬ್ಬಳೇ ಇದ್ದಾಗ ಓಣಿಯ ಯಾರ ಮನೆಗಾದರೂ ಹೋಗಿ ಕೂಡುವುದು ಎಂದುಕೊಂಡಳು. ಆ ಸಲ ತೂಕ ಇಳಿದಿತ್ತು. ಎಳ್ಳಮಾವಾಸ್ಯೆಯ ನಂತರ ಆಪರೇಶನ್ ಎಂದು ಗೊತ್ತಾಯಿತು.

ಗೊತ್ತಾದ ಮೇಲೆ ಭಯ ಶುರುವಾಯಿತು. ಸಾವಿನ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು, ಹೇಳಿಕೊಳ್ಳಲು ನಾಚಿಕೆಯಾಗುವಂಥದು: ಇನ್ನು ಬದುಕಿನಲ್ಲಿ ಹೊಟ್ಟೆ ತುಂಬ ಹೋಳಿಗೆ ಉಣ್ಣಲಾಗದು. ರೊಟ್ಟಿ ಬಡಿಯುತ್ತ ಕೂತಾಗ ಒಮ್ಮೊಮ್ಮೆ ಕಣ್ಣು ತುಂಬುತ್ತಿತ್ತು. ಸತ್ತವರ ಸಾಮಾನು ಎತ್ತಿಡುವಾಗ ಬರುವಂಥ ಅಳು ಅದು.

ಕೆರೆಯ ದಂಡೆಯಲ್ಲಿ ಗಂಡನನ್ನು ಕೇಳಿದಳು. "ಒಳಗ ಹೋದಾಕಿ ಹೊರಗ ಬರಲಿಲ್ಲಾಂದ್ರ?"

ಅವನು ಸಮಾಧಾನ ಹೇಳಲಿಲ್ಲ. "ನಾ ಬಾಗಿಲದಾಗೇ ನಿಂತಿರ್ತೀನಿ" ಎಂದ. "ಬಾಗಿಲ ಕಾಯೂದು ನನಗ ರೂಢಿ ಅದ."

ಎಳ್ಳಮಾವಾಸ್ಯೆಗೆ ಎಲ್ಲರೂ ಮುಡಬಿಯ ಹೊಲಕ್ಕೆ ಹೋದರು. ಭಜ್ಜಿಯನ್ನು ತಾನೇ ಮಾಡುತ್ತೇನೆ ಎಂದಳು ಶಕುಂತಲಾ. ಹಸಿ ಕಡಲೆ, ಅವರೆ, ತೊಗರಿ, ಮೆಂತ್ಯ, ಗಜ್ಜರಿ, ಹುಣಸೆ ಹುಳಿ. ದೊಡ್ಡ ಗಡಿಗೆಯಲ್ಲಿ ಹಿಟ್ಟು ಹಾಕಿ ಕುದಿಸಿದಳು. ಜೋಳದ ಬೆಳೆ ಆಳೆತ್ತರ ನಿಂತಿತ್ತು. ಹೊಲದ ಪೂಜೆ ಮುಗಿದು ಎಲ್ಲರೂ ಕೂತರು. ಅವಳು ಒಂದು ಕಲ್ಲಿನ ಮೇಲೆ ಕೂತು, ಸಣ್ಣ ತಾಟಿಗೆ ಎರಡು ಚಮಚ ಹಾಕಿಕೊಂಡಳು. ಅಗಿದಳು. ಮೊದಲು ಹುಳಿ ಬಂತು, ಅದರ ಹಿಂದೆ ಮೆಂತ್ಯದ ಕಹಿ, ಆಮೇಲೆ ಹಸಿ ಕಡಲೆಯ ಹಾಲಿನಂಥ ಸಿಹಿ. ಹುಟ್ಟಿದಂದಿನಿಂದ ತಿಂದ ಭಜ್ಜಿಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಬೆರಗಾದಳು. ಎರಡನೆಯ ಚಮಚಕ್ಕೆ ಸಾಕೆನ್ನಿಸಿತು. ನಿಜವಾಗಿಯೇ ಸಾಕೆನ್ನಿಸಿತು.

ಊರಿಗೆ ಬಂದ ಮೇಲೆ ಹದಿನೈದು ದಿನ ಬರೀ ತೆಳ್ಳನೆಯ ಪದಾರ್ಥ. ಬೇಳೆಯ ಕಟ್ಟು, ಮಜ್ಜಿಗೆ, ಆಸ್ಪತ್ರೆಯವರು ಕೊಟ್ಟ ಪುಡಿ. ಉಸಿರಿನ ಶಕ್ತಿಗೆಂದು ಕೊಟ್ಟ ಮೂರು ಗುಂಡಿನ ಯಂತ್ರದಲ್ಲಿ ಉಸಿರು ಎಳೆದು ಎಳೆದು, ಗುಂಡು ಮೇಲೇರಿದಾಗ ಮಗುವಿನಂತೆ ಹಿಗ್ಗುತ್ತಿದ್ದಳು. ಆಪರೇಶನ್ ಸರಿಯಾಗಿ ಆಯಿತು. ಎಚ್ಚರವಾದಾಗ ಓಂಪ್ರಕಾಶ ಹೇಳಿದ ಜಾಗದಲ್ಲೇ ಇದ್ದ. ನರ್ಸು ಎಷ್ಟು ಸಲ ಕಳಿಸಿದರೂ ತಿರುಗಿ ಬಂದು ನಿಲ್ಲುತ್ತಿದ್ದನಂತೆ.

ಮುಂದೆ ಎಲ್ಲ ಹೂವಿನ ಹಾದಿಯಾಗಿರಲಿಲ್ಲ. ಒಂದು ಮದುವೆಯಲ್ಲಿ ಅವಸರದಿಂದ ಎರಡು ತುತ್ತು ನುಂಗಿ ಎದೆ ಹಿಡಿದು ವಾಂತಿಯಾಯಿತು. ಕೂದಲು ಉದುರಿದವು, ಮತ್ತೆ ಬಂದವು. ಸಕ್ಕರೆಯ ಗುಳಿಗೆ ನಿಂತವು, ಶಕ್ತಿಯ ಗುಳಿಗೆ ಮಾತ್ರ ಬದುಕಿಡೀ ನುಂಗಬೇಕು. ಮೈ ಇಳಿಯಿತು, ಚರ್ಮ ಜೋತಿತು. ಕನ್ನಡಿಯಲ್ಲಿ ಹಳೆಯ ಹುಡುಗಿ ಕಾಣಲಿಲ್ಲ, ಅವಳ ದೊಡ್ಡಕ್ಕನಂಥವಳು ಯಾರೋ ಕಂಡಳು. ಅವಳ ಜೊತೆಗೂ ಹೊಂದಿಕೆಯಾಯಿತು.

ಮಾರನೆಯ ವರ್ಷ ತಪಾಸಣೆಗೆಂದು ಹೈದರಾಬಾದಿಗೆ ಹೋದಾಗ, ಆಸ್ಪತ್ರೆಯ ಬೆಂಚಿನ ಮುಂದೆ ಒಬ್ಬ ದಪ್ಪನೆಯ ಹುಡುಗಿ ನಿಂತಿದ್ದಳು. ಹೊಸದಾಗಿ ಮದುವೆಯಾದವಳು, ಕೈತುಂಬ ಬಳೆ. ಶಕುಂತಲಾ ಗಂಡನ ಜೊತೆ ಮಾತಾಡುವುದನ್ನು ಕೇಳಿ ಹತ್ತಿರ ಬಂದಳು.

"ನೀವು ನಮ್ಮ ಕಡೆಯವರೇ ಏನ್ರಿ? ನಾ ಹಳ್ಳಿಖೇಡದಾಕಿ, ಪೂನಮ ಅಂತ. ಆಪರೇಶನ್ ಭಾಳ ನೋವ ಅದ ಏನ್ರಿ ಅಕ್ಕಾ?"

"ಆಪರೇಶನ್ ಅಷ್ಟೇನಿಲ್ಲ" ಎಂದಳು ಶಕುಂತಲಾ. "ಅದಕ್ಕಿಂತ ಮೊದಲಿಂದು ಜರಾ ಕಷ್ಟ. ಮನ್ಯಾಗ ನಿನಗ ಪ್ರೀತೀಲೆ ಬಡಸೂರು ಯಾರವ್ವಾ?"

"ನಮ್ಮ ಅಜ್ಜಿ" ಎಂದಳು ಹುಡುಗಿ. "ತಾಯಿ ಇಲ್ರಿ ನನಗ. ಅಜ್ಜೀನೇ ಜೋಪಾನ ಮಾಡ್ಯಾಳ."

"ಹಂಗಾದ್ರ ಮುಂದಿನ ಸಲ ಅಜ್ಜೀನ ಕರ್ಕೊಂಡು ಬಾ. ಅಕೀಗೂ ತಯಾರಿ ಬೇಕು."

ಓಂಪ್ರಕಾಶ ಎದ್ದು ತನ್ನ ಜಾಗ ಬಿಟ್ಟುಕೊಟ್ಟ. ಶಕುಂತಲಾ ಸೀರೆಯ ನೆರಿಗೆ ಸರಿಮಾಡಿಕೊಂಡು ಬದಿಗೆ ಸರಿದಳು. ಹುಡುಗಿ ಪಕ್ಕದಲ್ಲಿ ಕೂತು, ತನ್ನ ಅಜ್ಜಿ ಮಾಡುವ ಹುಗ್ಗಿಯ ಬಗ್ಗೆ ಹೇಳಲು ಶುರು ಮಾಡಿದಳು.